ಗುಣವಾಗದಿದ್ದರೆ ನಂಬಿಕೆ ಸಾಲದು ಅಂತಲೇ ಅರ್ಥವೇ?

ಕಾಯಿಲೆ ಬಿದ್ದವರಿಗೆ ಜನ ಹೇಳುವ ಮಾತುಗಳಲ್ಲಿ ‘ನಿಮಗೆ ನಂಬಿಕೆ ಸಾಲದು’ ಅನ್ನುವಷ್ಟು ಭಾರದ ಮಾತು ಇನ್ನೊಂದಿಲ್ಲ. ಇದನ್ನು ಒಂದೇ ಧರ್ಮದವರು ಹೇಳುತ್ತಾರೆ ಅಂದುಕೊಳ್ಳಬೇಡಿ. ಹರಕೆ ಸರಿಯಾಗಿ ತೀರಿಸಲಿಲ್ಲ, ಉಪವಾಸವನ್ನು ಮನಸ್ಸಿಟ್ಟು ಮಾಡಲಿಲ್ಲ, ಬೇಡುವಾಗ ಮನಸ್ಸು ಎಲ್ಲೋ ಇತ್ತು ಅನ್ನುವ ಮಾತುಗಳನ್ನು ನೀವೂ ನಿಮ್ಮ ಓಣಿಯಲ್ಲಿ ಕೇಳಿರುತ್ತೀರಿ. ಮೊದಲೇ ಹಾಸಿಗೆ ಹಿಡಿದವರ ತಲೆಯ ಮೇಲೆ ತಪ್ಪಿನ ಮೂಟೆಯನ್ನೂ ಇಟ್ಟ ಹಾಗೆ.

ನಮ್ಮದು ಕ್ರೈಸ್ತರ ಮನೆ. ಹಾಗಾಗಿ ನಮ್ಮ ಮನೆಗೆ ಈ ಮಾತು ಬೈಬಲ್ಲಿನ ಹೆಸರು ಹೇಳಿಕೊಂಡು ಬಂತು.

ಮೂರು ವರ್ಷದ ಹಿಂದೆ ಅಮ್ಮನಿಗೆ ಲಕ್ವ ಹೊಡೆಯಿತು. ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆ, ಹನ್ನೊಂದು ದಿನ. ಮಾತು ತಿರುಗಿ ಬಂತು, ಕಾಲೂ ನಿಧಾನಕ್ಕೆ ನೆಲ ಹಿಡಿಯಿತು. ಬಲಗೈ ಮಾತ್ರ ಏಳಲಿಲ್ಲ. ಮನೆಗೆ ಕಳಿಸುವಾಗ ಡಾಕ್ಟರು ಒಂದು ಮಾತನ್ನು ಮೂರು ಸಲ ಹೇಳಿದರು: ಬಿಪಿ ಮಾತ್ರೆಯನ್ನು ನಾನು ಹೇಳದೆ ಒಂದು ದಿನವೂ ಬಿಡಬೇಡಿ, ಬಿಟ್ಟರೆ ಇನ್ನೊಮ್ಮೆ ಹೊಡೆಯಬಹುದು.

ನಮ್ಮೂರ ಸಭೆಯವರು ಶುಕ್ರವಾರ ಶುಕ್ರವಾರ ಮನೆಗೆ ಬಂದು ಪ್ರಾರ್ಥನೆ ಮಾಡುತ್ತಿದ್ದರು. ಅದು ಅಮ್ಮನಿಗೆ ದೊಡ್ಡ ಧೈರ್ಯ. ಬಂದವರು ಜೊತೆಗೆ ಒಂದಿಷ್ಟು ಕಟ್ಟಿಗೆ ಒಡೆದು ಹೋಗುತ್ತಿದ್ದರು, ರೊಟ್ಟಿ ಬಡಿದು ಕೊಡುತ್ತಿದ್ದರು. ಅವರ ಬಗ್ಗೆ ನನಗೆ ಯಾವ ದೂರೂ ಇಲ್ಲ.

ಆರು ತಿಂಗಳಾದ ಮೇಲೆ ಪಕ್ಕದ ಪಟ್ಟಣದಲ್ಲಿ ಸ್ವಸ್ಥತೆಯ ಕೂಟ ಅಂತ ಒಂದಾಯಿತು. ಬಂದಿದ್ದ ಬೋಧಕರು ಬಲಗೈ ಬತ್ತಿಹೋದ ಮನುಷ್ಯನ ಕಥೆ ಹೇಳಿ, ಅಮ್ಮನನ್ನು ಮುಂದೆ ಕರೆದು, ಕೈ ಎತ್ತಿ ಅಂದರು. ಕೈ ಏಳಲಿಲ್ಲ. ಇನ್ನೊಮ್ಮೆ ಅಂದರು. ಅಷ್ಟು ಜನರ ಎದುರು ಅಮ್ಮ ಎಡಗೈಯಲ್ಲಿ ಬಲಗೈಯನ್ನು ಹಿಡಿದು ಎತ್ತಲು ನೋಡಿದಳು. ಆಗ ಆ ಬೋಧಕರು ಮೈಕಿನಲ್ಲೇ ಹೇಳಿದರು: ಒಂದು ಕಡೆ ಮಾತ್ರೆ, ಇನ್ನೊಂದು ಕಡೆ ದೇವರು, ಎರಡು ದೋಣಿಯಲ್ಲಿ ಕಾಲಿಟ್ಟರೆ ನಂಬಿಕೆ ಹೇಗಾದೀತು?

ಮರುದಿನ ಬೆಳಿಗ್ಗೆ ಅಮ್ಮ ಮಾತ್ರೆ ಮುಟ್ಟಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ನನ್ನನ್ನು ಕರೆದು, “ನೀ ಓದಿದಾಕಿ ಅದೀ. ಅವರು ಹೇಳಿದ್ದು ಬೈಬಲ್ಲಿನಾಗ ಐತೇನು, ನೋಡಿ ಹೇಳು” ಅಂದಳು.

ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ಮೊದಲು ಕಲಿಸಿದ್ದೇ ಅದು. ಯಾರೋ ಹೇಳಿದರು ಅಂತ ಬರೆಯಬೇಡಿ, ಮೂಲ ಕಾಗದ ನೋಡಿ. ಮನೆಯಲ್ಲಿದ್ದ ಹಳೇ ಕನ್ನಡ ಬೈಬಲ್ ತೆಗೆದುಕೊಂಡು ಅಮ್ಮನ ಪಕ್ಕದಲ್ಲಿ ಕೂತೆ. ಮೊದಲು ನೋಡಬೇಕಿದ್ದದ್ದು ಮಾತ್ರೆಯ ವಿಷಯ, ಏಕೆಂದರೆ ಅದು ಕಾಯುವ ವಿಷಯವಲ್ಲ.

ಹಿಜ್ಕೀಯ ಎಂಬ ಅರಸನ ಕಥೆ ಸಿಕ್ಕಿತು. ಸಾಯುವ ಹಾಗೆ ಕಾಯಿಲೆ ಬಿದ್ದ ಆತ ಗೋಡೆಯ ಕಡೆ ಮುಖ ಮಾಡಿ ಅತ್ತು ಪ್ರಾರ್ಥಿಸುತ್ತಾನೆ. ದೇವರು ಕೇಳಿದ್ದಾನೆ, ಆಯುಸ್ಸಿಗೆ ಇನ್ನೂ 15 ವರ್ಷ ಸೇರಿತು ಅಂತ ಪ್ರವಾದಿ ಯೆಶಾಯ ಬಂದು ತಿಳಿಸುತ್ತಾನೆ. ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಅದೇ ಯೆಶಾಯ ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿನ ಮೇಲೆ ಇಡಿಸುತ್ತಾನೆ. ದೇವರ ಮಾತು ತಂದವನೇ ಔಷಧವನ್ನೂ ಹಚ್ಚಿಸಿದ.

ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಪತ್ರವನ್ನು ನೋಡಿದೆ. ತಿಮೊಥೆಯನಿಗೆ ಹೊಟ್ಟೆಯ ತೊಂದರೆ, ಪದೇಪದೇ ಅಸ್ವಸ್ಥ. ಪೌಲ ಅವನಿಗೆ, ನಿನ್ನ ನಂಬಿಕೆ ಎಲ್ಲಿ ಹೋಯಿತು ಅಂತ ಕೇಳುವುದಿಲ್ಲ. ಬರೀ ನೀರು ಕುಡಿಯುವುದು ಬಿಟ್ಟು ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅನ್ನುತ್ತಾನೆ. ಆ ಕಾಲದಲ್ಲಿ ಹೊಟ್ಟೆಗೆ ಅದೇ ಮದ್ದು. ಅದೇ ಪೌಲ ಇನ್ನೊಂದು ಪತ್ರದಲ್ಲಿ, ತ್ರೊಫಿಮ ಎಂಬ ಜೊತೆಗಾರನನ್ನು ಕಾಯಿಲೆಯಿಂದಾಗಿ ಮಿಲೇತದಲ್ಲೇ ಬಿಟ್ಟು ಬರಬೇಕಾಯಿತು ಅಂತ ಬರೆಯುತ್ತಾನೆ. ಪೌಲನ ಆಪ್ತರಲ್ಲಿ ಒಬ್ಬನಾದ ಲೂಕ ವೈದ್ಯ. ಹೊಡೆತ ತಿಂದು ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಆತ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಪಟ್ಟಿ ಕಟ್ಟಿ, ಛತ್ರಕ್ಕೆ ಸೇರಿಸಿ, ಆರೈಕೆಯ ಖರ್ಚಿಗೆ ದುಡ್ಡೂ ಕೊಡುತ್ತಾನೆ. ಯೇಸು ಅವನನ್ನು ಹೊಗಳಿದ್ದೇ ಈ ಕೆಲಸಕ್ಕೆ.

ಇಷ್ಟನ್ನು ಓದಿ ಹೇಳಿದ ಮೇಲೆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರ ಮಾತ್ರಿ ತಗೊಂಡ್ರ ದೇವರಿಗೇನು ಸಿಟ್ಟಿಲ್ಲ” ಅಂದಳು. ಅವತ್ತು ಮಾತ್ರೆ ತೆಗೆದುಕೊಂಡಳು. ತಪ್ಪಿದ ಎರಡು ದಿನದ ವಿಷಯವನ್ನು ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿ, ಮುಂದೇನು ಅಂತ ಕೇಳಿಕೊಂಡೆವು.

ಆದರೆ ಮಾತ್ರೆ ಶುರುವಾದರೂ ಅವಳ ಮುಖದ ಮೇಲಿನ ಮೋಡ ಹೋಗಲಿಲ್ಲ. ರಾತ್ರಿ ಒಮ್ಮೆ ಕೇಳಿದಳು: “ನನ್ನ ನಂಬಿಕಿ ಎಷ್ಟು ಐತಿ ಅಂತ ಅವರಿಗೆ ಹೆಂಗ ಗೊತ್ತಾತು?” ಆ ಪ್ರಶ್ನೆಗಾಗಿಯೇ ನಾನು ಮುಂದಿನ ಎರಡು ತಿಂಗಳು ದಿನಾ ಸಂಜೆ ಓದಿದೆ.

ಮೊದಲು ಬಲಗೈ ಬತ್ತಿದವನ ಕಥೆಯನ್ನೇ ತೆಗೆದೆ. ಅದು ಬಲಗೈ ಅಂತ ಹೇಳುವುದು ಲೂಕನ ಸುವಾರ್ತೆ. ಯೇಸು ಅವನನ್ನು ಎದ್ದು ನಡುವೆ ನಿಲ್ಲಲು ಹೇಳುತ್ತಾನೆ, ಕೈ ಚಾಚಲು ಹೇಳುತ್ತಾನೆ, ಕೈ ವಾಸಿಯಾಗುತ್ತದೆ. ನಿನಗೆ ನಂಬಿಕೆ ಇದೆಯೇ ಅಂತ ಅವನನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಯೇಸು ಪ್ರಶ್ನೆ ಹಾಕುವುದು, ಸಬ್ಬತ್ ದಿನ ವಾಸಿಮಾಡುವನೋ ಎಂದು ತಪ್ಪು ಹುಡುಕಲು ಕಾದು ಕೂತಿದ್ದ ಧರ್ಮದ ಮುಖಂಡರಿಗೆ.

ಆಮೇಲೆ ಮಾರ್ಕನ ಸುವಾರ್ತೆಯ ಲಕ್ವದ ರೋಗಿ. ನಾಲ್ಕು ಜನ ಅವನನ್ನು ಹಾಸಿಗೆ ಸಮೇತ ಹೊತ್ತು ತರುತ್ತಾರೆ. ಜನಜಂಗುಳಿಯಲ್ಲಿ ಒಳಗೆ ಹೋಗಲು ಆಗದೆ ಮಾಳಿಗೆ ಹತ್ತಿ, ಅದನ್ನು ಕಿತ್ತು ಕೆಳಗೆ ಇಳಿಸುತ್ತಾರೆ. ಯೇಸು ಅವರ ನಂಬಿಕೆಯನ್ನು ಕಂಡ ಎಂದು ಬರೆದಿದೆ. ಅಂದರೆ ಹೊತ್ತು ತಂದವರ ನಂಬಿಕೆಯೂ ಲೆಕ್ಕಕ್ಕೆ ಬಂತು. ಇದನ್ನು ಓದಿದಾಗ ನನಗೆ ಶುಕ್ರವಾರ ಬಂದು ಕಟ್ಟಿಗೆ ಒಡೆಯುವವರು ನೆನಪಾದರು.

ಯೋಹಾನನ ಸುವಾರ್ತೆಯಲ್ಲಿ 38 ವರ್ಷದಿಂದ ಕಾಯಿಲೆ ಬಿದ್ದು ಕೊಳದ ಪಕ್ಕ ಮಲಗಿದ್ದ ಒಬ್ಬನಿದ್ದಾನೆ. ಅವನು ವಾಸಿಯಾಗಿ ಹಾಸಿಗೆ ಎತ್ತಿಕೊಂಡು ನಡೆದ ಮೇಲೂ, ವಾಸಿ ಮಾಡಿದವನು ಯಾರು ಅಂತ ಅವನಿಗೆ ಗೊತ್ತಿರಲಿಲ್ಲ. ಅದೇ ಸುವಾರ್ತೆಯಲ್ಲಿ ಒಬ್ಬ ಹುಟ್ಟು ಕುರುಡ. ಅವನನ್ನು ನೋಡಿ ಶಿಷ್ಯರು ಕೇಳುವುದು ನಮ್ಮೂರ ಕಟ್ಟೆಯ ಪ್ರಶ್ನೆಯನ್ನೇ: ಹೀಗಾಗಲು ಪಾಪ ಮಾಡಿದವರು ಯಾರು, ಇವನೋ ಇವನ ಅಪ್ಪ ಅಮ್ಮನೋ? ಇವನೂ ಅಲ್ಲ, ಅವರೂ ಅಲ್ಲ ಅನ್ನುತ್ತಾನೆ ಯೇಸು.

ನಂಬಿಕೆಯ ಮಾತೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 12 ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿಗೆ, ನಿನ್ನ ನಂಬಿಕೆಯೇ ನಿನ್ನನ್ನು ವಾಸಿಮಾಡಿತು ಎಂಬ ಅರ್ಥದ ಮಾತನ್ನು ಯೇಸು ಹೇಳುತ್ತಾನೆ. ಆಕೆ ಹೆದರಿ ನಡುಗುತ್ತಾ ನಿಂತಿದ್ದಳು. ಅವಳಿಗೆ ಧೈರ್ಯ ಕೊಡಲು ಹೇಳಿದ ಮಾತು ಅದು. ಜನ ನಂಬದ ಊರಿನಲ್ಲಿ ಆತ ಹೆಚ್ಚೇನೂ ಮಾಡಲಾಗಲಿಲ್ಲ ಎಂಬ ಮಾತೂ ಇದೆ. ಆದರೆ ಗುಣವಾಗದ ಒಬ್ಬ ರೋಗಿಯ ಮುಖ ನೋಡಿ, ನಿನಗೆ ನಂಬಿಕೆ ಸಾಲದು, ಅದಕ್ಕೇ ಹೀಗಾಯಿತು ಅಂತ ಯೇಸು ಹೇಳಿ ಕಳಿಸಿದ ಒಂದು ಕಥೆಯೂ ನಾಲ್ಕು ಸುವಾರ್ತೆಗಳಲ್ಲಿ ನನಗೆ ಸಿಗಲಿಲ್ಲ.

ಸಿಕ್ಕಿದ್ದು ಅದರ ಉಲ್ಟಾ. ಒಬ್ಬ ತಂದೆ ಮೂರ್ಛೆ ಬೀಳುವ ಮಗನನ್ನು ಕರೆತರುತ್ತಾನೆ. ಶಿಷ್ಯರ ಕೈಯಲ್ಲಿ ವಾಸಿಯಾಗುವುದಿಲ್ಲ. ಆ ತಂದೆ ಯೇಸುವಿನ ಎದುರು, ನಂಬಿಕೆ ಇದೆ ಎಂದೂ, ಇಲ್ಲದ ಕಡೆ ಸಹಾಯ ಮಾಡು ಎಂದೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಅರ್ಧ ನಂಬಿಕೆ, ಅರ್ಧ ಅನುಮಾನ. ಹುಡುಗ ವಾಸಿಯಾಗುತ್ತಾನೆ. ಆಮೇಲೆ ಶಿಷ್ಯರು ಬಂದು ನಮ್ಮಿಂದ ಯಾಕೆ ಆಗಲಿಲ್ಲ ಅಂತ ಕೇಳಿದಾಗ, ಮತ್ತಾಯನ ಪ್ರಕಾರ, ನಿಮ್ಮ ನಂಬಿಕೆ ಕಡಿಮೆ ಅಂತ ಅವರಿಗೇ ಬೈಗುಳ. ಸಾಸಿವೆ ಕಾಳಿನಷ್ಟು ನಂಬಿಕೆ ಎಂಬ ಪ್ರಸಿದ್ಧ ಮಾತು ಬರುವುದು ಅಲ್ಲೇ. ಅದು ಹುಡುಗನಿಗೆ ಹೇಳಿದ್ದಲ್ಲ, ವಾಸಿ ಮಾಡಲು ಹೊರಟವರಿಗೆ ಹೇಳಿದ್ದು. ಇದನ್ನು ಕೇಳಿ ಅಮ್ಮ ಬಹಳ ದಿನದ ಮೇಲೆ ನಕ್ಕಳು.

ಇನ್ನು ಪ್ರಾರ್ಥನೆ. ಸರಿಯಾಗಿ ಬೇಡಿದರೆ ಸಿಗುತ್ತದೆ, ಸಿಗದಿದ್ದರೆ ಬೇಡಿದ್ದು ಸರಿಯಿಲ್ಲ ಅನ್ನುವ ಲೆಕ್ಕ ಬೈಬಲ್ಲಿನಲ್ಲೇ ತಾಳೆಯಾಗುವುದಿಲ್ಲ. ಪೌಲನಿಗೆ ಶರೀರದಲ್ಲಿ ಒಂದು ಮುಳ್ಳಿನಂಥ ಬಾಧೆ ಇತ್ತು. ಅದನ್ನು ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡ. ಬಾಧೆ ಹೋಗಲಿಲ್ಲ, ಅದರೊಂದಿಗೆ ಬಾಳಲು ಬೇಕಾದ ಬಲ ಸಿಗುತ್ತದೆ ಎಂಬ ಉತ್ತರ ಬಂತು. ಗೆತ್ಸೇಮನೆಯ ತೋಟದಲ್ಲಿ ಯೇಸುವೂ ಮೂರು ಸಲ ಪ್ರಾರ್ಥಿಸಿದ, ಆಗುವುದಾದರೆ ಈ ಸಂಕಟ ತಪ್ಪಲಿ, ಆದರೂ ನಿನ್ನ ಚಿತ್ತದಂತೆಯೇ ಆಗಲಿ ಅಂತ. ಸಂಕಟ ತಪ್ಪಲಿಲ್ಲ, ಮರುದಿನವೇ ಶಿಲುಬೆ. ಇವರಿಬ್ಬರಿಗೂ ನಂಬಿಕೆ ಸಾಲದು ಅಂತ ಯಾವ ಬೋಧಕರು ಹೇಳಿಯಾರು?

150 ಕೀರ್ತನೆಗಳಿವೆಯಲ್ಲ, ಅವೆಲ್ಲ ಸ್ತುತಿ ಅಂದುಕೊಂಡಿದ್ದೆ. ಓದಿದರೆ ಎಷ್ಟೋ ಕೀರ್ತನೆಗಳು ದೂರು, ಅಳು, ಎಲ್ಲಿದ್ದೀಯ ದೇವರೇ ಎಂಬ ಜಗಳ. 88ನೆಯದು ಕತ್ತಲಲ್ಲೇ ಶುರುವಾದಂತಿದ್ದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಸಾಲೂ ಇಲ್ಲ. ಅದನ್ನೂ ಪ್ರಾರ್ಥನೆ ಅಂತಲೇ ಜೋಪಾನ ಮಾಡಿ ಇಟ್ಟಿದ್ದಾರೆ. ಅಂದರೆ ಅಳುವುದು, ಸಿಟ್ಟಾಗುವುದು ನಂಬಿಕೆ ಇಲ್ಲದ್ದರ ಗುರುತಲ್ಲ. ಅಳಲೂ ಒಬ್ಬರ ಎದುರು ಹೋಗುತ್ತೇವೆ ಅಂದರೆ ಅವರ ಮೇಲೆ ನಂಬಿಕೆ ಇದೆ ಅಂತಲೇ.

ಅಮ್ಮನ ಪ್ರಶ್ನೆಗೆ, ಅಂದರೆ ನಂಬಿಕೆ ಎಷ್ಟಿದೆ ಅಂತ ಹೊರಗಿನವರಿಗೆ ಹೇಗೆ ಗೊತ್ತು ಎಂಬುದಕ್ಕೆ, ಉತ್ತರ ಸಿಕ್ಕಿದ್ದು ಹನ್ನಳ ಕಥೆಯಲ್ಲಿ. ಮಕ್ಕಳಿಲ್ಲದ ಹನ್ನ ಶಿಲೋ ಎಂಬ ಊರಿನ ದೇವಾಲಯದಲ್ಲಿ ಅಳುತ್ತಾ ಪ್ರಾರ್ಥಿಸುತ್ತಾಳೆ. ತುಟಿ ಅಲ್ಲಾಡುತ್ತದೆ, ದನಿ ಇಲ್ಲ. ಬಾಗಿಲ ಬಳಿ ಕೂತು ನೋಡುತ್ತಿದ್ದ ಯಾಜಕ ಏಲಿ, ಈಕೆ ಕುಡಿದು ಬಂದಿದ್ದಾಳೆ ಅಂದುಕೊಂಡು ಗದರಿಸುತ್ತಾನೆ. ಕುಡಿದಿಲ್ಲ ಸ್ವಾಮೀ, ಮನಸ್ಸಿನ ದುಃಖ ತೋಡಿಕೊಳ್ಳುತ್ತಿದ್ದೆ ಅನ್ನುತ್ತಾಳೆ ಆಕೆ. ಜೀವಮಾನವೆಲ್ಲ ದೇವಾಲಯದಲ್ಲಿ ಕಳೆದ ಯಾಜಕನಿಗೇ ಎದುರಿಗಿದ್ದ ಹೆಂಗಸಿನ ಪ್ರಾರ್ಥನೆ ತಿಳಿಯಲಿಲ್ಲ. ಒಂದು ಒಳ್ಳೆಯ ಗುಣ ಅವನದು: ಆಕೆಯ ಮಾತು ಕೇಳಿದ ಕೂಡಲೇ ದನಿ ಬದಲಿಸಿ ಆಶೀರ್ವದಿಸಿ ಕಳಿಸುತ್ತಾನೆ.

ಅಮ್ಮನ ಬಲಗೈ ಇವತ್ತಿಗೂ ಪೂರ್ತಿ ಎದ್ದಿಲ್ಲ. ವ್ಯಾಯಾಮ ಮಾಡಿಸಿದ್ದರಿಂದ ಬೆರಳು ಸ್ವಲ್ಪ ಮಡಚುತ್ತವೆ, ಲೋಟ ಒತ್ತಿ ಹಿಡಿಯುತ್ತಾಳೆ. ಬೆಳಿಗ್ಗೆ ಮಾತ್ರೆ ತಗೊಂಡು ಪ್ರಾರ್ಥನೆಗೆ ಕೂರುತ್ತಾಳೆ. ಈಗ ಅವಳು ಕೈಗಾಗಿ ಮಾತ್ರ ಬೇಡುವುದಿಲ್ಲ, ಓಣಿಯ ಎಲ್ಲರ ಹೆಸರು ಹೇಳುತ್ತಾಳೆ. ಆ ಬೋಧಕರಿಗಾಗಿಯೂ ಬೇಡುತ್ತಾಳೆ ಅಂತ ಒಮ್ಮೆ ಹೇಳಿದಳು. ನನಗೆ ಅಷ್ಟು ದೊಡ್ಡ ಮನಸ್ಸು ಇನ್ನೂ ಬಂದಿಲ್ಲ.

ಓದುತ್ತಿರುವ ನಿಮಗೆ ಎರಡು ಮಾತು. ಮಾತು ತೊದಲಿದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಸೋತರೆ ಅದು ಲಕ್ವದ ಗುರುತು. ಪ್ರಾರ್ಥನೆಯನ್ನು ಗಾಡಿಯಲ್ಲಿ ಕೂತೇ ಮಾಡಿ, ಮೊದಲು 108ಕ್ಕೆ ಫೋನ್ ಮಾಡಿ. ರಕ್ತ ಹೆಪ್ಪುಗಟ್ಟಿ ಲಕ್ವವಾಗಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಮಾತ್ರ. ಬಿಪಿ, ಸಕ್ಕರೆ, ಫಿಟ್ಸ್, ಟಿಬಿ ಮಾತ್ರೆಗಳನ್ನು ಯಾರ ಮಾತು ಕೇಳಿಯೂ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿಯೇ ಬದಲಿಸಿ.

ಇನ್ನೊಂದು, ಕಾಯಿಲೆಯವರನ್ನು ನೋಡಲು ಹೋಗುವವರಿಗೆ. ಬೈಬಲ್ಲಿನಲ್ಲಿ ಯೋಬ ಎಂಬವನು ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತಾಗ ಮೂವರು ಗೆಳೆಯರು ಬರುತ್ತಾರೆ. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರೆ. ಆಮೇಲೆ ಬಾಯಿ ತೆರೆದು, ನೀನೇ ಏನೋ ತಪ್ಪು ಮಾಡಿರಬೇಕು ಅಂತ ಶುರುಮಾಡುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ದೇವರ ಜೊತೆ ಜಗಳವಾಡಿದ ಯೋಬನ ಮೇಲಲ್ಲ, ದೇವರ ಪರ ವಕಾಲತ್ತು ಮಾಡಿದ ಈ ಗೆಳೆಯರ ಮೇಲೆ.

ಆ ಮೂವರು ಮಾಡಿದ ಒಳ್ಳೆಯ ಕೆಲಸ ಅಂದರೆ ಆ ಮೊದಲ ಏಳು ದಿನ. ನಾವೂ ಅಷ್ಟು ಮಾಡಬಹುದು. ಹೋಗಿ ಪಕ್ಕದಲ್ಲಿ ಕೂರಬಹುದು, ನೀರು ತಂದುಕೊಡಬಹುದು, ಮಾತ್ರೆ ಮುಗಿದಿದ್ದರೆ ತಂದುಕೊಡಬಹುದು, ಅವರು ಬೇಕೆಂದರೆ ಪ್ರಾರ್ಥನೆಯನ್ನೂ ಮಾಡಬಹುದು. ಅವರ ನಂಬಿಕೆ ಎಷ್ಟಿದೆ ಅಂತ ಅಳೆಯುವ ಕೆಲಸವನ್ನು ಮಾತ್ರ ನಮಗೆ ಯಾರೂ ಕೊಟ್ಟಿಲ್ಲ.