ರೈಲಿನಲ್ಲಿ ಬಂದ ರಂಗಮಂದಿರ

1907ರ ಜೂನ್ 8ರಂದು ಲಂಡನ್ನಿನ ಡ್ಯಾಲೀಸ್ ಥಿಯೇಟರಿನಲ್ಲಿ ‘ದಿ ಮೆರಿ ವಿಡೋ’ ಎಂಬ ಸಂಗೀತ ನಾಟಕ ರಂಗವೇರಿತು. ಅದು ಅಲ್ಲಿ ಸತತವಾಗಿ 778 ಪ್ರಯೋಗಗಳನ್ನು ಕಂಡಿತು. ಫ್ರಾಂಜ್ ಲೆಹಾರ್ ಸ್ವರ ಸಂಯೋಜಿಸಿದ ಈ ಕೃತಿಯ ಮೂಲ ಜರ್ಮನ್ ಭಾಷೆಯದು. ಅದರ ಮೊದಲ ಪ್ರಯೋಗ ನಡೆದದ್ದು 1905ರ ಡಿಸೆಂಬರ್ 30ರಂದು, ವಿಯೆನ್ನಾ ನಗರದಲ್ಲಿ. ಇಂಗ್ಲಿಷಿಗೆ ಬರುವಾಗ ಸ್ವರಗಳು ಉಳಿದವು, ಉಳಿದದ್ದೆಲ್ಲ ಸಡಿಲವಾಯಿತು. ನಾಯಕಿ ಹಾನ್ನಾ ಇಲ್ಲಿ ಸೋನಿಯಾ ಆದಳು. ಪೊಂಟೆವೆಡ್ರೊ ಎಂಬ ಕಲ್ಪಿತ ದೇಶ ಮಾರ್ಸೋವಿಯಾ ಎಂಬ ಇನ್ನೊಂದು ಕಲ್ಪಿತ ದೇಶವಾಯಿತು. ಏಡ್ರಿಯನ್ ರಾಸ್ ಹಾಡುಗಳಿಗೆ ಹೊಸ ಮಾತುಗಳನ್ನು ಹೊಂದಿಸಿದ. ನಾಯಕನ ಪಾತ್ರಕ್ಕೆ ಗಾಯಕನನ್ನು ಬಿಟ್ಟು, ಜೋಸೆಫ್ ಕೊಯ್ನ್ ಎಂಬ ಹಾಸ್ಯನಟನನ್ನು ಆರಿಸಿದರು. ಇಷ್ಟಾದರೂ ಈ ಪ್ರಯೋಗವನ್ನು ಕೃತಕವೆಂದೋ ಎರವಲೆಂದೋ ಆಂಗ್ಲ ರಂಗಭೂಮಿಯ ಚರಿತ್ರಕಾರರು ಬದಿಗೆ ಸರಿಸಲಿಲ್ಲ. ಅದು ಅವರ ರಂಗಚರಿತ್ರೆಯ ಒಂದು ಹೆಮ್ಮೆಯ ಅಧ್ಯಾಯವೇ ಆಗಿದೆ.

ಸ್ವರವನ್ನು ಒಂದು ಭಾಷೆಯಿಂದ ಪಡೆದು ಮಾತನ್ನು ತಮ್ಮದಾಗಿಸಿಕೊಳ್ಳುವ ಈ ವಿದ್ಯೆ ಕನ್ನಡದ ವೃತ್ತಿ ನಾಟಕ ಕಂಪನಿಗಳಿಗೆ ನಿತ್ಯದ ಕಸುಬಾಗಿತ್ತು. ಪಾರಸಿ ಕಂಪನಿಯ ಒಂದು ಮಟ್ಟು, ಮರಾಠಿ ನಾಟ್ಯಗೀತದ ಒಂದು ಮಟ್ಟು, ಅವುಗಳ ನಡುವೆ ಅಪ್ಪಟ ಕರ್ನಾಟಕ ಸಂಗೀತದ ಒಂದು ಕೃತಿಯ ಧಾಟಿ: ಇವೆಲ್ಲ ಒಂದೇ ರಾತ್ರಿ ಒಂದೇ ಹಾರ್ಮೋನಿಯಂ ಮೇಲೆ ನುಡಿಯುತ್ತಿದ್ದವು. ಆದರೆ ನಮ್ಮ ವಿಮರ್ಶೆ ಇದನ್ನು ಕಂಡದ್ದು ಬಹುಮಟ್ಟಿಗೆ ಸಂಕೋಚದಿಂದ. ಕೈಲಾಸಂ ಅವರ ನಂತರ ಹಾಡಿಲ್ಲದ ಗದ್ಯನಾಟಕವೇ ಪ್ರಬುದ್ಧತೆಯ ಲಕ್ಷಣವೆಂಬ ಭಾವನೆ ಬೇರೂರಿತು. ಹಾಡು ತುಂಬಿದ ಕಂಪನಿ ನಾಟಕ ಹಳ್ಳಿಗರ ರಂಜನೆಯ ಸರಕೆನಿಸಿತು. ಈ ತೀರ್ಪಿನ ಭಾರ ಹೆಚ್ಚಾಗಿ ಬಿದ್ದದ್ದು ಕಡೂರು, ತರೀಕೆರೆ, ಅಜ್ಜಂಪುರಗಳಂಥ ಊರುಗಳ ಮೇಲೆ.

ಎರವಲು ಎಂಬ ಪದವೇ ಇಲ್ಲಿ ಎಷ್ಟು ಅಸಮರ್ಪಕ ಎಂಬುದಕ್ಕೆ ಒಂದು ಪ್ರಸಂಗ ಸಾಕು. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತರ ಯಕ್ಷಗಾನ ಮೇಳ ಸಾಂಗಲಿಗೆ ಹೋಗಿ ಆಟವಾಡಿತು. ಅದರ ಪ್ರೇರಣೆಯಿಂದ ವಿಷ್ಣುದಾಸ ಭಾವೆ ಮರುವರ್ಷ ‘ಸೀತಾ ಸ್ವಯಂವರ’ವನ್ನು ಪ್ರಯೋಗಿಸಿದರು, ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಎಣಿಸುವುದು ಅಲ್ಲಿಂದ. 1880ರ ‘ಸಂಗೀತ ಶಾಕುಂತಲ’ದ ಕರ್ತೃ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಮರಾಠಿ ಮಂಡಳಿಗಳು ಕನ್ನಡ ನಾಡಿನಲ್ಲಿ ಸಂಚರಿಸಿ ಜನಮನ ಗೆದ್ದಾಗ, ಅದಕ್ಕೆ ಉತ್ತರವೆಂಬಂತೆ ಗದುಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕಗಳನ್ನು ಬರೆದು ಆಡಿಸಿದರು. ಕರಾವಳಿಯಿಂದ ಹೊರಟದ್ದು ಘಟ್ಟ ಹತ್ತಿ, ಕೃಷ್ಣೆಯನ್ನು ದಾಟಿ, ಬೇರೆ ವೇಷ ತೊಟ್ಟು ಹಿಂದಿರುಗಿತು. ಇದರಲ್ಲಿ ಸಾಲಗಾರ ಯಾರು, ಸಾಲಿಗ ಯಾರು?

ಮೈಸೂರಿನ ಕಡೆ ಕಥೆ ಬೇರೆ ಬಗೆಯದು. ಅಲ್ಲಿ ಹತ್ತನೆಯ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ರೂಪುಗೊಂಡಿತು. ಬಸವಪ್ಪ ಶಾಸ್ತ್ರಿಗಳು ಅದಕ್ಕಾಗಿ ‘ಶಾಕುಂತಲ’ವನ್ನು ಕನ್ನಡಿಸಿದರು. ಅವರ ‘ಶೂರಸೇನ ಚರಿತ್ರೆ’ ಶೇಕ್ಸ್‌ಪಿಯರನ ‘ಒಥೆಲೊ’ ನಾಟಕದ ರೂಪಾಂತರ. ಇಂಗ್ಲಿಷ್ ಬಲ್ಲ ಸಿ. ಸುಬ್ಬರಾಯರ ನೆರವು ಅದಕ್ಕೆ ಒದಗಿತ್ತು. ಮೂಲವನ್ನು ಓದಿದವರೊಬ್ಬರು, ಕನ್ನಡದ ನಾದ ಬಲ್ಲವರೊಬ್ಬರು, ಇಬ್ಬರೂ ಕೂಡಿ ಒಂದು ಕೃತಿ. ವಿಯೆನ್ನಾದ ನಾಟಕಗಳನ್ನು ಲಂಡನ್ನಿಗೆ ಒಗ್ಗಿಸುವಾಗಲೂ ಕೆಲಸ ಹಂಚಿಹೋಗುತ್ತಿದ್ದುದು ಹೀಗೆಯೇ, ಸಂಭಾಷಣೆ ಒಬ್ಬನಿಗೆ, ಹಾಡು ಇನ್ನೊಬ್ಬನಿಗೆ.

ಈ ನಾಟಕಗಳು ಊರೂರು ತಲಪಿದ ಬಗೆಯನ್ನು ತಿಳಿಯಲು ರೈಲುಹಾದಿಯ ನಕ್ಷೆಯನ್ನು ನೋಡಬೇಕು. ಬೆಂಗಳೂರಿನಿಂದ ಹೊರಟ ಹಳಿ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆಗಳನ್ನು ಹಾಯ್ದು ಕಡೂರಿಗೂ ಬೀರೂರಿಗೂ ಬರುತ್ತದೆ; ಮುಂದೆ ಅಜ್ಜಂಪುರದ ಮೇಲೆ ದಾವಣಗೆರೆ, ಹರಿಹರ, ಹುಬ್ಬಳ್ಳಿಗಳತ್ತ ಸಾಗುತ್ತದೆ. 1899ರಲ್ಲಿ ತೆರೆದ ಬೀರೂರು–ಶಿವಮೊಗ್ಗ ಶಾಖೆಯ ಮೇಲೆ ತರೀಕೆರೆ ಇದೆ. 1884ರಲ್ಲಿ ಹುಟ್ಟಿ ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೇ ಹೆಸರಾದ ಗುಬ್ಬಿ ಕಂಪನಿಯ ತವರೂ ಇದೇ ಹಳಿಯ ಪಕ್ಕದ್ದು ಎಂಬುದು ಕೇವಲ ಕಾಕತಾಳೀಯವಲ್ಲ. ಪರದೆ, ಪೆಟ್ಟಿಗೆ, ಕಿರೀಟ, ಗ್ಯಾಸ್ ಲೈಟುಗಳನ್ನು ಹೊತ್ತು ತಿರುಗುವ ಕಂಪನಿಗೆ ರೈಲು ಬೇಕೇ ಬೇಕು. ನಿಲ್ದಾಣದ ಬಯಲಿನಲ್ಲಿ ಬೊಂಬು, ತಗಡು, ತಟ್ಟಿಗಳಿಂದ ಮಂದಿರ ಎದ್ದರೆ ಊರಿಗೆ ಥಿಯೇಟರ್ ಬಂತೆಂದೇ ಅರ್ಥ. ಕ್ಯಾಂಪು ಮುಗಿದೊಡನೆ ಅದನ್ನು ಬಿಚ್ಚಿ ಮುಂದಿನ ಊರಿಗೆ ಸಾಗಿಸುತ್ತಿದ್ದರು. ಬಯಲಿನಲ್ಲಿ ಉಳಿಯುತ್ತಿದ್ದುದು ಕಂಬ ನೆಟ್ಟ ಕುಳಿಗಳು ಮಾತ್ರ. ಮೂಡಲಪಾಯದ ಭಾಗವತಿಕೆಗೆ ಕಿವಿ ಪಳಗಿದ್ದ ಈ ಸೀಮೆಯ ಜನಕ್ಕೆ ರಾತ್ರಿಯಿಡೀ ಹಾಡು ಕೇಳುವುದು ಹೊಸತಾಗಿರಲಿಲ್ಲ. ಹೊಸತಾಗಿದ್ದುದು ಬಣ್ಣದ ಪರದೆ, ಮತ್ತು ಪ್ರವೇಶಕ್ಕೆ ಟಿಕೀಟು.

ನಗರಗಳ ಸಂಗತಿ ಹೀಗಲ್ಲ. ವಿಲಾಯತಿಯ ಸಂಗೀತ ನಾಟಕಗಳನ್ನು ಹಡಗಿನಲ್ಲಿ ಹೊತ್ತು ಪೂರ್ವದೇಶಗಳಲ್ಲಿ ಸಂಚರಿಸುತ್ತಿದ್ದ ಮಾರಿಸ್ ಬ್ಯಾಂಡ್‌ಮನ್, ಜಹಾಂಗೀರ್ ಕರಾಕರೊಡಗೂಡಿ ಮುಂಬಯಿಯಲ್ಲಿ ರಾಯಲ್ ಆಪೆರಾ ಹೌಸ್ ಕಟ್ಟಿಸಿದ. 1911ರಲ್ಲಿ ಅದನ್ನು ಉದ್ಘಾಟಿಸಿದವನು ಐದನೆಯ ಜಾರ್ಜ್ ಚಕ್ರವರ್ತಿ. 1993ರಲ್ಲಿ ಬಾಗಿಲು ಹಾಕಿದ್ದ ಆ ಕಟ್ಟಡ ಜೀರ್ಣೋದ್ಧಾರವಾಗಿ 2016ರಲ್ಲಿ ಮತ್ತೆ ತೆರೆಯಿತು. ಕಟ್ಟಡವಿದ್ದಲ್ಲಿ ಚರಿತ್ರೆಗೆ ಒಂದು ವಿಳಾಸವಿರುತ್ತದೆ, ದುರಸ್ತಿಗೆ ಹಣವೂ ದೊರೆಯುತ್ತದೆ. ಹಾಗೆಂದು ಕಟ್ಟಡವೇ ಸರ್ವಸ್ವವೂ ಅಲ್ಲ. 778 ಪ್ರಯೋಗ ಕಂಡ ಡ್ಯಾಲೀಸ್ ಥಿಯೇಟರನ್ನು 1937ರಲ್ಲಿ ಕೆಡವಿ ಅಲ್ಲಿ ಸಿನಿಮಾ ಮಂದಿರ ಎಬ್ಬಿಸಿದರು. ಆದರೂ ಅಲ್ಲಿ ಯಾವ ಪಾತ್ರವನ್ನು ಯಾರು ಆಡಿದರು, ಯಾವ ಹಾಡಿಗೆ ಯಾರು ಪದ ಬರೆದರು ಎಂಬುದು ಇಂದಿಗೂ ತಿಳಿಯುತ್ತದೆ. ಕಾಗದ ಉಳಿದಿದೆ.

ನಮ್ಮಲ್ಲಿಯೂ ಕಾಗದವಿತ್ತು. ಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳು, ಬ್ಯಾಂಡು ಬಾರಿಸುತ್ತ ಬೀದಿಯಲ್ಲಿ ಹಂಚುತ್ತಿದ್ದ ಕರಪತ್ರಗಳು. ಪದದ ನೆತ್ತಿಯ ಮೇಲೆ ಇಂಥ ಹಾಡಿನ ಮಟ್ಟು ಎಂದು ಅಚ್ಚಾಗಿರುವ ಒಂದೊಂದು ಸಾಲೂ ಆ ಕಾಲದ ಕಿವಿ ಏನನ್ನು ಕೇಳಿತ್ತೆಂಬುದಕ್ಕೆ ಸಾಕ್ಷ್ಯ. ವಿದ್ವಾಂಸರು ಇದನ್ನು ಸಾಹಿತ್ಯವೆಂದು ಎಣಿಸದ ಕಾರಣ ಗ್ರಂಥಭಂಡಾರಗಳ ಕಪಾಟಿಗೆ ಅದು ಏರಿದ್ದು ವಿರಳ. 1901ರಲ್ಲಿ ರೈಸ್ ಸಾಹೇಬರು ಕಡೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ಪ್ರಕಟಿಸಿದರು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರಿನದೇ ಹೆಸರು. ಕಲ್ಲಿಗೆ ದೊರೆತ ಈ ಆದರ ಹಾಡಿನ ಪುಸ್ತಕಕ್ಕೆ ದೊರೆಯಲಿಲ್ಲ.

ತರೀಕೆರೆಯ ಬಳಿಯ ಅಮೃತಾಪುರದಲ್ಲಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನವನ್ನು ರಚಿಸಿದವನು ಜನ್ನ. ಶಿವಾಲಯದ ಶಾಸನಕ್ಕೆ ಜೈನಕವಿ ಲೇಖನಿ ಹಿಡಿದದ್ದು ಆ ಕಾಲದ ಔದಾರ್ಯ. ಅದೇ ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಗೆ ವಾದಿರಾಜನ ಸಂಸ್ಕೃತ ಕಾವ್ಯ ಆಕರ, ಅದೂ ಒಂದು ರೂಪಾಂತರವೇ, ಅದನ್ನು ಎರವಲೆಂದು ಯಾರೂ ಹಳಿದಿಲ್ಲ. ಗಿರೀಶ ಕಾರ್ನಾಡರು ಅದರ ವಸ್ತುವನ್ನು ‘ಹಿಟ್ಟಿನ ಹುಂಜ’ ಎಂಬ ನಾಟಕವಾಗಿಸಿದರು. 2002ರಲ್ಲಿ ಅದು ‘ಬಲಿ’ ಎಂಬ ಹೆಸರಿನಲ್ಲಿ, ಇಂಗ್ಲಿಷ್ ರೂಪದಲ್ಲಿ, ಇಂಗ್ಲೆಂಡಿನ ಲೆಸ್ಟರ್ ನಗರದ ಹೇಮಾರ್ಕೆಟ್ ಥಿಯೇಟರಿನಲ್ಲಿ ಪ್ರಯೋಗಗೊಂಡಿತು.