ಫ್ರೆಂಚ್ ಊಟಕ್ಕೆ ಹೋದ ನಮ್ಮ ಅಡುಗೆಯಕ್ಕ

ಫ್ರೆಂಚರ ದೊಡ್ಡ ಹೋಟೆಲು ಎಂದ ಕೂಡಲೇ ನಮ್ಮಂಥ ಶಾಲಾ ಮಾಸ್ತರುಗಳಿಗೆ ಮೊದಲು ನೆನಪಾಗುವುದು ಬಿಲ್ಲು! ಆಮೇಲೆ ಚೂರಿ, ಮುಳ್ಳುಚಮಚ, ಮಡಿಲ ಮೇಲೆ ಹಾಸುವ ಬಿಳಿ ಬಟ್ಟೆ, ನಾಲಿಗೆ ಹೊರಳದ ಹೆಸರುಗಳು. ಆದರೆ ಫ್ರಾನ್ಸಿನ ಸಾಮಾನ್ಯ ಜನರಿಗೂ ಇಂಥ ಊಟ ದಿನನಿತ್ಯದ್ದಲ್ಲ. ಹುಟ್ಟುಹಬ್ಬ, ಮದುವೆಯ ವಾರ್ಷಿಕ, ಮಕ್ಕಳ ಪರೀಕ್ಷೆ ಪಾಸಾದ ಸಂತೋಷ, ಹೀಗೆ ಏನಾದರೊಂದು ವಿಶೇಷವಿದ್ದಾಗ ಮಾತ್ರ ಅವರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಹೋಗುತ್ತಾರೆ.

2010ರ ನವೆಂಬರಿನಲ್ಲಿ ಯುನೆಸ್ಕೋ ಸಂಸ್ಥೆ ಫ್ರೆಂಚರ ಈ ವಿಶೇಷದ ಊಟವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗಮನಿಸಿ, ಸೇರಿಸಿದ್ದು ಯಾವುದೋ ಒಂದು ಭಕ್ಷ್ಯವನ್ನಲ್ಲ, ಊಟದ ಕ್ರಮವನ್ನು. ಮೊದಲು ಹಸಿವು ಕೆರಳಿಸುವ ಪಾನೀಯ. ಆಮೇಲೆ ಕನಿಷ್ಠ ನಾಲ್ಕು ಹಂತ: ಆರಂಭದ ಸಣ್ಣ ತಿನಿಸು, ತರಕಾರಿಯೊಡನೆ ಮೀನು ಅಥವಾ ಮಾಂಸ, ಚೀಸ್, ಕೊನೆಗೆ ಸಿಹಿ. ಜತೆಗೆ ಮೇಜನ್ನು ಅಲಂಕರಿಸುವುದು, ತಿನ್ನುವಾಗ ರುಚಿಯ ಬಗ್ಗೆ ಮಾತಾಡಿಕೊಳ್ಳುವುದು. ಇದೆಲ್ಲ ಸೇರಿ ಅದು ಊಟ. ನಾವು ಟಿ.ಸಿ.ಎಚ್. ಓದುವಾಗ ಬರೆಯುತ್ತಿದ್ದ ಪಾಠಯೋಜನೆಯ ಹಾಗೆ, ಪೀಠಿಕೆಯಿಂದ ಮುಕ್ತಾಯದವರೆಗೆ ಯಾವುದರ ನಂತರ ಯಾವುದು ಎಂಬುದು ನಿಗದಿ!

ಇದರಲ್ಲಿ ನಗುವಂಥದ್ದೇನಿಲ್ಲ. ನಮ್ಮ ಕಾಸರಗೋಡು ಕಡೆಯ ಮದುವೆಮನೆಯಲ್ಲೂ ಬಾಳೆಲೆಯ ಯಾವ ಮೂಲೆಗೆ ಉಪ್ಪು, ಎಲ್ಲಿಗೆ ಉಪ್ಪಿನಕಾಯಿ, ಸಾರಿನ ಮೇಲೆ ಸಾಂಬಾರೋ ಮೇಲಾರವೋ, ಪಾಯಸ ಯಾವಾಗ, ಮಜ್ಜಿಗೆ ಯಾವಾಗ ಎಂಬ ಲೆಕ್ಕ ತಪ್ಪುವಂತಿಲ್ಲ. ತಪ್ಪಿದರೆ ಪಂಕ್ತಿಯಲ್ಲಿ ಕುಳಿತ ಅಜ್ಜಂದಿರು ಬಿಡುವುದಿಲ್ಲ. ಇನ್ನೂ ಒಂದು ಸ್ವಾರಸ್ಯ ಕೇಳಿ. ಫ್ರಾನ್ಸಿನಲ್ಲಿ ಹಿಂದೆ ಹತ್ತಾರು ಭಕ್ಷ್ಯಗಳನ್ನು ಒಟ್ಟಿಗೇ ಮೇಜಿನ ಮೇಲೆ ತಂದಿಡುತ್ತಿದ್ದರು. ಒಂದಾದ ಮೇಲೊಂದರಂತೆ ಬಡಿಸುವ ಕ್ರಮ ಅವರಲ್ಲಿ ನೆಲೆಯಾದದ್ದು 19ನೇ ಶತಮಾನದಲ್ಲಿ. ಅದಕ್ಕೆ ಅವರು ಇಂದಿಗೂ 'ರಷ್ಯಾದ ಪದ್ಧತಿ' ಎನ್ನುತ್ತಾರೆ.

'ರೆಸ್ಟೋರೆಂಟ್' ಎಂಬ ಪದವೂ ಫ್ರೆಂಚಿನದೇ. ಚೇತರಿಕೆ ಕೊಡುವಂಥದ್ದು ಎಂದು ಅದರ ಮೂಲ ಅರ್ಥ. 18ನೇ ಶತಮಾನದ ಪ್ಯಾರಿಸಿನಲ್ಲಿ ಮಾಂಸವನ್ನು ಬಹಳ ಹೊತ್ತು ಬೇಯಿಸಿ ತೆಗೆದ ತಿಳಿಸಾರಿಗೆ ಆ ಹೆಸರಿತ್ತು. ಜ್ವರ ಬಿಟ್ಟವರಿಗೆ ನಾವು ಗಂಜಿತಿಳಿ ಕೊಡುವುದಿಲ್ಲವೇ, ಹಾಗೆ. ಆಗಿನ ಛತ್ರಗಳಲ್ಲಿ ಗೊತ್ತಾದ ಹೊತ್ತಿಗೆ, ಎಲ್ಲರೂ ಒಂದೇ ಮೇಜಿಗೆ ಕುಳಿತು, ಇದ್ದದ್ದನ್ನು ಉಣ್ಣಬೇಕಿತ್ತು. 1760ರ ದಶಕದಿಂದ ಈ ಸಾರಿನ ಅಂಗಡಿಗಳು ಬೇರೆ ಬೇರೆ ಮೇಜು ಹಾಕಿದವು, ಬೆಲೆ ಬರೆದ ಪಟ್ಟಿ ಕೊಟ್ಟವು, ಬೇಕಾದ ಹೊತ್ತಿಗೆ ಬೇಕಾದ್ದನ್ನು ಕೇಳಬಹುದೆಂದವು. 1789ರ ಕ್ರಾಂತಿಯಲ್ಲಿ ಪ್ರಭುಗಳ ಮನೆಗಳು ಚೆದುರಿದಾಗ ಕೆಲಸ ಕಳೆದುಕೊಂಡ ಬಾಣಸಿಗರು ಕೆಲವರು ಪ್ಯಾರಿಸಿನಲ್ಲಿ ತಾವೇ ಅಂಗಡಿ ತೆರೆದರು. ಅರಮನೆಯ ಊಟ ಹಣ ಕೊಟ್ಟವರಿಗೆಲ್ಲ ಸಿಗುವಂತಾಯಿತು.

ಇಷ್ಟೆಲ್ಲ ಪೀಠಿಕೆ ಏಕೆಂದು ನೀವು ಕೇಳಬಹುದು. 2023ರ ಮೇ ತಿಂಗಳಲ್ಲಿ ನಮ್ಮ ಶಾಲೆಯ ಐವರು ಅಧ್ಯಾಪಕರು ಇಂಥ ಒಂದು ಊಟಕ್ಕೆ ಹೋಗಿದ್ದೆವು. ನಮ್ಮ ಜತೆ ಆರನೆಯವರಾಗಿ ಬಂದವರು ಶಾಲೆಯ ಅಡುಗೆಯಕ್ಕ. ನಿಜ ಹೇಳಬೇಕೆಂದರೆ ಊಟ ಅವರದ್ದು, ಜತೆಗೆ ಹೋದವರು ನಾವು.

ಅಕ್ಕ ನಮ್ಮ ಶಾಲೆಗೆ ಬಂದದ್ದು ಮಧ್ಯಾಹ್ನಕ್ಕೆ ಗಂಜಿ, ಹೆಸರುಕಾಳು ಕೊಡುತ್ತಿದ್ದ ಕಾಲದಲ್ಲಿ. ಆಮೇಲೆ ಅನ್ನ, ಸಾಂಬಾರು, ಪಲ್ಯ ಬಂತು. ವಾರಕ್ಕೊಮ್ಮೆ ಮೊಟ್ಟೆ, ಎರಡು ದಿನ ಹಾಲು ಬಂತು. ಬದಲಾಗದೆ ಉಳಿದವರು ಅಕ್ಕ ಮಾತ್ರ. ನೂರೆಂಬತ್ತು ಮಕ್ಕಳಿಗೆ ಒಬ್ಬರೇ. ಯಾವ ಮಗು ಬೆಳಿಗ್ಗೆ ಏನೂ ತಿನ್ನದೆ ಬಂದಿದೆ ಎಂದು ಹಾಜರಿ ಪುಸ್ತಕಕ್ಕಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಆ ವರ್ಷ ಮೊಣಕಾಲು ನೋವು ಹೆಚ್ಚಾಗಿ, ಇನ್ನು ಆಗುವುದಿಲ್ಲ ಟೀಚರ್ ಎಂದರು. ದಿನಗೂಲಿಯ ಕೆಲಸ. ಪಿಂಚಣಿ ಇಲ್ಲ, ನಿವೃತ್ತಿಯ ಆದೇಶವೂ ಇಲ್ಲ. ಮಾರ್ಚ್ ಕೊನೆಗೆ ಪಾತ್ರೆ ಕವುಚಿ ಹಾಕಿ, ಬೀಗದ ಕೈಯನ್ನು ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟು ಹೋದರು.

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಕೊಟ್ಟೆವು. ಆದರೂ ಏನೋ ಸಾಲದೆನಿಸಿತು. ಅಷ್ಟು ವರ್ಷದಲ್ಲಿ ಅಕ್ಕ ಕುಳಿತು ಉಂಡದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಎಲ್ಲರದ್ದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ನಿಂತೇ ಉಣ್ಣುತ್ತಿದ್ದರು. ಆಗ ನೆನಪಾದವನು ಅವರ ಮಗ. ನಮ್ಮಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ, ಹೋಟೆಲು ಕೆಲಸ ಕಲಿತು, ಪುದುಚೇರಿಯ ಒಂದು ಫ್ರೆಂಚ್ ಹೋಟೆಲಿನ ಅಡುಗೆಮನೆಯಲ್ಲಿದ್ದ. ಫೋನ್ ಮಾಡಿದೆವು. "ಕರಕೊಂಡು ಬನ್ನಿ ಸರ್, ಅಮ್ಮ ನಾನು ಕರೆದರೆ ಬರುವುದಿಲ್ಲ" ಎಂದ.

ಮಂಗಳೂರಿನಿಂದ ಬರುವ ಪುದುಚೇರಿ ರೈಲು ಹತ್ತಿದೆವು. ಕಣ್ಣೂರು ದಾಟಿದ ಮೇಲೆ ಮಾಹೆ ಬರುತ್ತದೆ. ನಮ್ಮ ಕೇರಳದ ಕರಾವಳಿಯಲ್ಲೇ ಇದ್ದರೂ ಆಡಳಿತ ಪುದುಚೇರಿಯದು, ಏಕೆಂದರೆ ಅದೂ ಫ್ರೆಂಚರ ವಶದಲ್ಲಿದ್ದ ಊರು. ಪುದುಚೇರಿಗೆ ಫ್ರೆಂಚರು ಬಂದು ನೆಲೆಸಿದ್ದು 1674ರಲ್ಲಿ. ಆಡಳಿತ ಭಾರತದ ಕೈಗೆ ಬಂದದ್ದು 1954ರ ನವೆಂಬರ್ 1ರಂದು, ಕಾನೂನು ಪ್ರಕಾರ ಪೂರ್ತಿ ಸೇರಿದ್ದು 1962ರ ಆಗಸ್ಟ್ 16ರಂದು. ನವೆಂಬರ್ 1 ಎಂದಾಗ ಗಡಿನಾಡಿನ ನಮ್ಮ ಕಿವಿ ನೆಟ್ಟಗಾಗುತ್ತದೆ. ಎರಡು ವರ್ಷದ ನಂತರ, 1956ರ ಅದೇ ದಿನ, ಕಾಸರಗೋಡು ಕೇರಳಕ್ಕೆ ಸೇರಿತು.

ಪುದುಚೇರಿಯ ಸಮುದ್ರದ ಬದಿಯ ಬೀದಿಗಳಲ್ಲಿ ಹಳದಿ ಗೋಡೆ, ಬಿಳಿ ಅಂಚು, ಗೇಟಿನ ಮೇಲೆ ಕಾಗದದ ಹೂವಿನ ಬಳ್ಳಿ. ಬೀದಿಯ ಹೆಸರು ಫ್ರೆಂಚಿನಲ್ಲೂ ತಮಿಳಿನಲ್ಲೂ. 1826ರಲ್ಲಿ ಶುರುವಾದ ಫ್ರೆಂಚ್ ಶಾಲೆ ಇಂದಿಗೂ ನಡೆಯುತ್ತಿದೆ. ಅದರ ಗೇಟಿನ ಮುಂದೆ ನಾವು ಸ್ವಲ್ಪ ಹೊತ್ತು ನಿಂತೆವು. ಆಳಿದವರು ಹೋದರೂ ಶಾಲೆ ಉಳಿದಿದೆ, ಬೆನ್ನಿಗೆ ಒಂದು ದೇಶದ ಸರಕಾರವಿದೆ. ನಮ್ಮ ಶಾಲೆಗಳಿಗೆ ಬೆನ್ನಿಗಿರುವುದು ಊರಿನವರು ಮಾತ್ರ. ಯಾರೂ ಏನೂ ಹೇಳಲಿಲ್ಲ, ಹೆಡ್‌ಮಾಸ್ತರರು ಕನ್ನಡಕ ಒರೆಸಿಕೊಂಡರು, ಮುಂದೆ ನಡೆದೆವು.

ಹೋಟೆಲಿನಲ್ಲಿ ತಿಂಡಿಪಟ್ಟಿ ಮೇಲೆ ಫ್ರೆಂಚಿನಲ್ಲಿ, ಕೆಳಗೆ ಸಣ್ಣಕ್ಷರದ ಇಂಗ್ಲಿಷಿನಲ್ಲಿತ್ತು. ಓದಲಾಗದ ಕಾಗದ ಕೈಗೆ ಬಂದಾಗಿನ ಮುಜುಗರ ನಮ್ಮ ಮಕ್ಕಳ ತಂದೆತಾಯಿಯರಿಗೆ ಹೊಸದಲ್ಲ. ಮಲಯಾಳದ ಅರ್ಜಿ ಹಿಡಿದು ಶಾಲೆಗೆ ಬಂದು, ಇದರಲ್ಲಿ ಏನು ಬರೆದಿದೆ ಎಂದು ಕೇಳುವವರು ಎಷ್ಟೋ ಮಂದಿ. ಇಲ್ಲಿ ಓದಿ ಹೇಳಲು ನಮ್ಮ ಹುಡುಗನೇ ಬಿಳಿ ಕೋಟು ಹಾಕಿಕೊಂಡು ಒಳಗಿನಿಂದ ಬಂದ. ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು. "ಇಲ್ಲಿ ಹೆಸರು ನೋಡಿ ನಂಬಬಾರದು ಸರ್" ಎಂದು ಪಾಠ ಮಾಡಿದ. ಫ್ರೆಂಚರ ಈರುಳ್ಳಿ ಸೂಪಿಗೆ ರೂಢಿಯಲ್ಲಿ ದನದ ಮಾಂಸದ ಸಾರು ಹಾಕುತ್ತಾರೆ. ಹಳೇ ಪದ್ಧತಿಯ ಅನೇಕ ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಸುಟ್ಟ ಸಕ್ಕರೆಯ ಗರಿಗರಿ ಪದರವಿರುವ ಸಿಹಿಗೆ ಮೊಟ್ಟೆಯ ಹಳದಿ ಬೇಕು. ಆದ್ದರಿಂದ ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಬೇಕು. ಅವರಿಬ್ಬರಿಗೆ ಬದನೆ, ಟೊಮೆಟೊ, ದೊಣ್ಣೆಮೆಣಸು ಹಾಕಿ ಬೇಯಿಸಿದ ರಾಟಟೂಯಿ ಬಂತು. ಉಳಿದವರಿಗೆ ಬೆಣ್ಣೆಯ ಬಿಳಿ ರಸದಲ್ಲಿ ಮೀನು.

ಅಕ್ಕ ಮುಳ್ಳುಚಮಚ ಮುಟ್ಟಲಿಲ್ಲ, ಚಮಚದಲ್ಲೇ ಮೆಲ್ಲಗೆ ತಿಂದರು. ಹೇಗಿದೆ ಎಂದಾಗ, "ಮೀನು ತಾಜಾ ಉಂಟು. ಹುಳಿ ಖಾರ ಹಾಕದೆಯೂ ನಾತ ಇಲ್ಲ, ಹಾಗಾದರೆ ಇವತ್ತಿನದ್ದೇ" ಎಂದರು. ಮಗನಿಗೆ ಮೆಚ್ಚುಗೆಯ ಮಾತಿಲ್ಲ, ಅಡುಗೆಯವರು ಅಡುಗೆಯವರನ್ನು ಪರೀಕ್ಷಿಸಿದ ಹಾಗಿತ್ತು. ಅವನ ಮುಖ ಅರಳಿತು.

ತಟ್ಟೆ ಖಾಲಿಯಾದೊಡನೆ ಅಕ್ಕ ಎದ್ದು ಎಲ್ಲರ ತಟ್ಟೆ ಒಂದರ ಮೇಲೊಂದು ಇಡತೊಡಗಿದರು. ಬಡಿಸುತ್ತಿದ್ದ ಹುಡುಗ ಓಡಿಬಂದು, ಅಮ್ಮಾ ನೀವು ಕೂತಿರಿ, ಇದು ನಮ್ಮ ಕೆಲಸ ಎಂದು ತಮಿಳಿನಲ್ಲಿ ಹೇಳಿದ. ಅಕ್ಕ ಕುಳಿತರು. ಆಮೇಲೆ ಸಿಹಿ ಬರುವವರೆಗೂ ಅವರ ಎರಡೂ ಕೈ ಮಡಿಲ ಬಟ್ಟೆಯ ಅಂಚನ್ನು ಮಡಚುವುದು, ಬಿಡಿಸುವುದು ಮಾಡುತ್ತಲೇ ಇದ್ದವು.

"ಒಳಗೆ ಎಷ್ಟು ಜನ ಇದ್ದೀರಿ?" ಎಂದು ಮಗನನ್ನು ಕೇಳಿದರು. ಹನ್ನೆರಡು ಎಂದ. ಫ್ರೆಂಚ್ ಅಡುಗೆಮನೆಯಲ್ಲಿ ಕೆಲಸ ಹಂಚುವ ರೀತಿಯನ್ನು ರೂಪಿಸಿದವರು ಎಸ್ಕೋಫಿಯೆ ಎಂಬ ಬಾಣಸಿಗರು (1846-1935). ಸೈನ್ಯದ ತುಕಡಿಯ ಹಾಗೆ ಮೀನಿಗೊಬ್ಬ, ರಸಗಳಿಗೊಬ್ಬ, ಸಿಹಿಗೊಬ್ಬ, ಎಲ್ಲರ ಮೇಲೆ ಒಬ್ಬ ಮುಖ್ಯಸ್ಥ. ಅವರು 1903ರಲ್ಲಿ ಬರೆದ ಅಡುಗೆ ಪುಸ್ತಕ ಇಂದಿಗೂ ಬಾಣಸಿಗರಿಗೆ ಪಠ್ಯ. ಅಕ್ಕ ಎಲ್ಲ ಕೇಳಿಸಿಕೊಂಡು, "ನಲ್ವತ್ತು ಜನಕ್ಕೆ ಹನ್ನೆರಡು ಮಂದಿ. ನಾನು ಒಬ್ಬಳೇ ನೂರೆಂಬತ್ತಕ್ಕೆ" ಎಂದರು. ದೂರಿನ ದನಿಯಲ್ಲಲ್ಲ, ಕೂಡುವ ಲೆಕ್ಕ ಹೇಳಿದ ಹಾಗೆ. ನಾವು ಐವರೂ ತಟ್ಟೆ ನೋಡಿದೆವು.

ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಹುಡುಗ ತನ್ನ ನೋಟ್ ಪುಸ್ತಕ ತಂದು ತೋರಿಸಿದ. ಅಡುಗೆಯ ಲೆಕ್ಕವೆಲ್ಲ ಕನ್ನಡ ಅಕ್ಷರದಲ್ಲಿ! 'ಬೆಶಮೆಲ್: ಬೆಣ್ಣೆ, ಮೈದಾ ಸಮ, ಹಸಿ ವಾಸನೆ ಹೋಗುವ ತನಕ, ಆಮೇಲೆ ಹಾಲು' ಎಂದು ದುಂಡಗೆ ಬರೆದಿದ್ದ. ನಾವು ಹಿಗ್ಗಿದ್ದನ್ನು ಕಂಡು ಅವನೇ ನಮ್ಮನ್ನು ನೆಲಕ್ಕೆ ಇಳಿಸಿದ: "ಕೆಲಸ ಸಿಕ್ಕಿದ್ದು ಕನ್ನಡದಿಂದ ಅಲ್ಲ ಸರ್. ಇಂಗ್ಲಿಷ್ ಕಲಿಯಲು ತುಂಬ ಕಷ್ಟಪಟ್ಟೆ, ತಮಿಳೂ ಕಲಿತೆ. ಆದರೆ ಮರೆಯಬಾರದ್ದನ್ನು ಬರೆಯುವಾಗ ಕೈ ಕನ್ನಡಕ್ಕೇ ಹೋಗುತ್ತದೆ."

ಕನ್ನಡ ಮಾಧ್ಯಮದಲ್ಲಿ ಓದಿ ಏನು ಪ್ರಯೋಜನ ಎಂದು ಕೇಳುವ ತಂದೆತಾಯಿಯರಿಗೆ ಈ ಮಾತಿನ ಅರ್ಧವನ್ನು ಮಾತ್ರ ಹೇಳುವುದು ಸರಿಯಲ್ಲ. ನಾವು ಪೂರ್ತಿ ಹೇಳುತ್ತಿದ್ದೇವೆ. ಹುಡುಗನ ಕಷ್ಟವೂ ನಿಜ, ಅವನ ಪುಸ್ತಕವೂ ನಿಜ. ಇಂಗ್ಲಿಷನ್ನು ಗಟ್ಟಿಯಾಗಿ ಕಲಿಸುವ ಹೊಣೆ ನಮ್ಮದು. ಕೈಗೆ ಒಂದು ಅಕ್ಷರವನ್ನು ತನ್ನದಾಗಿ ಕೊಡುವ ಹೊಣೆಯೂ ನಮ್ಮದೇ.

ಬಿಲ್ಲಿನ ವಿಷಯ ಹೇಳದಿದ್ದರೆ ನೀವು ಬಿಡುವುದಿಲ್ಲ. ತಲೆಗೆ ಎರಡು ಸಾವಿರದ ಹತ್ತಿರ ಬಂತು. ಹುಡುಗ ತಾನು ಕೊಡುತ್ತೇನೆಂದು ಹಟ ಹಿಡಿದ, ನಾವು ಬಿಡಲಿಲ್ಲ. ಮೇಷ್ಟ್ರುಗಳಿಗೆ ಇದು ದುಂದುಗಾರಿಕೆ ಎಂದು ಕೆಲವರಿಗೆ ಅನಿಸಬಹುದು. ನಿವೃತ್ತರಾಗುವ ಅಧ್ಯಾಪಕರಿಗೆ ಉಂಗುರ ಕೊಡುವಾಗ ಯಾರಿಗೂ ಹಾಗನಿಸಿದ್ದಿಲ್ಲ.

ಊರಿಗೆ ಬಂದ ಮೇಲೆ ಜೂನ್‌ನಲ್ಲಿ ಶಾಲೆ ತೆರೆಯಿತು. ಒಂದನೇ ತರಗತಿಗೆ ಹನ್ನೊಂದು ಮಕ್ಕಳು ಸೇರಿದರು. ಹೊಸ ಅಡುಗೆಯವರು ಬಂದರು, ಅವರೂ ಒಬ್ಬರೇ. ಇನ್ನೊಬ್ಬರನ್ನು ನೇಮಿಸುವುದು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿದ್ದದ್ದನ್ನು ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ತೀರ್ಮಾನಿಸಿದೆವು. ತರಕಾರಿ ಹೆಚ್ಚಲು ದಿನಕ್ಕಿಬ್ಬರು ತಾಯಂದಿರು ಸರದಿಯಲ್ಲಿ ಬರುತ್ತಾರೆ. ಅಡುಗೆಯವರಿಗೆ ಮಕ್ಕಳ ಪಂಕ್ತಿಯಲ್ಲೇ ಎಲೆ ಹಾಕಿ ಮೊದಲು ಬಡಿಸಬೇಕು, ಬಡಿಸುವುದು ಆ ದಿನ ಸರದಿಯಿರುವ ಅಧ್ಯಾಪಕರು. ಮೊದಲ ವಾರ ಅವರಿಗೆ ಬಹಳ ಸಂಕೋಚವಾಗಿತ್ತು. ಈಗ, "ಸರ್, ಸಾರು ಇನ್ನೊಂದು ಸೌಟು" ಎಂದು ಕೇಳಿ ಹಾಕಿಸಿಕೊಳ್ಳುತ್ತಾರೆ.