ಇಳೀಲಿಕ್ಕುಂಟಾ?

ಮುಂಬಯಿಗೆ ರಜೆಗೆಂದು ಹೋಗಿ ಬಂದು ತಿಂಗಳಾಯಿತು. ಒಂದು ಪ್ರಶ್ನೆ ಮಾತ್ರ ಇನ್ನೂ ಬೆನ್ನಿಗೆ ಅಂಟಿಕೊಂಡಿದೆ. ಬೆನ್ನಿಗೇ ಅಂಟಿದ್ದು ಯಾಕೆಂದರೆ ಅದನ್ನು ಕೇಳುವುದೇ ಹಿಂದಿನಿಂದ. ಲೋಕಲ್ ರೈಲಿನ ಬಾಗಿಲ ಹತ್ತಿರ ನಿಂತವನ ಭುಜ ತಟ್ಟಿ "ದಾದರ್ ಉತರ್‌ನಾ ಹೈ ಕ್ಯಾ?" ಎನ್ನುತ್ತಾರೆ. ನಮ್ಮ ಉಡುಪಿ ಕಡೆಯ ಬಸ್ಸಿನಲ್ಲಿ "ಇಳೀಲಿಕ್ಕುಂಟಾ?" ಎಂದು ಕೇಳಿದವರು ಉತ್ತರಕ್ಕೆ ಕಾಯುತ್ತಾರೆ, ಯಾರ ಮನೆಗೆ ಎಂದೂ ವಿಚಾರಿಸುತ್ತಾರೆ. ಅಲ್ಲಿ ಹೌದೆಂದರೆ ಸರಿ. ಇಲ್ಲವೆಂದರೆ ನೀವು ಬಾಗಿಲಿಗೆ ಅಡ್ಡವಿಟ್ಟ ಗೋಣಿಚೀಲ.

ನಾನು ಇಲ್ಲವೆಂದೆ. ನನಗೆ ಬೇಕಾದದ್ದು ಮುಂದಿನ ಮಾಟುಂಗಾ. ಅಲ್ಲಿ ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಲೆ ಊಟ ಮಾಡಬೇಕೆಂದು ಊರಿನಿಂದಲೇ ಸಂಕಲ್ಪ ಮಾಡಿ ಹೊರಟವನು. ಫಾಸ್ಟ್ ಗಾಡಿ ಮಾಟುಂಗಾದಲ್ಲಿ ನಿಲ್ಲುವುದಿಲ್ಲ ಎನ್ನುವುದು ಆ ಊರಿನ ಕೂಸಿಗೂ ಗೊತ್ತು. ಊಟದ ಊರು ಕಣ್ಣೆದುರೇ ಹಾದುಹೋಯಿತು. ಕುರ್ಲಾದಲ್ಲಿ ಇಳಿದಾಗ ಹೆಂಡತಿ ಏನೂ ಹೇಳಲಿಲ್ಲ, ಅದೇ ಹೆಚ್ಚಾಯಿತು.

ಕಡೆಗೆ ಊಟ ಸಿಕ್ಕಿತು, ಸೊಗಸಾಗಿಯೂ ಇತ್ತು. ಯಾರೂ ಅವಸರ ಮಾಡಲಿಲ್ಲ. ನಾನೇ ಸಾರನ್ನು ಕುಡಿದು ಹತ್ತು ನಿಮಿಷದಲ್ಲಿ ಎದ್ದೆ. ಸಂಜೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೂತು ಸಮುದ್ರ ನೋಡುತ್ತ ಮೂರು ಸಲ ಗಡಿಯಾರ ನೋಡಿದೆ. ಹೋಗಬೇಕಾದ ಜಾಗ ಒಂದೂ ಇರಲಿಲ್ಲ.

ಅಲ್ಲಿ ನೆನಪಾದದ್ದು ಬೊಂಬಾಯಿ ಚಿಕ್ಕಪ್ಪ.

ಹದಿಮೂರನೆಯ ವಯಸ್ಸಿಗೆ ಒಂದು ಟ್ರಂಕು ಹಿಡಿದು ಹೋದವನು. ಹಗಲು ಫೋರ್ಟಿನ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆಯುವುದು, ಸಂಜೆ ಕನ್ನಡ ರಾತ್ರಿಶಾಲೆ, ಆಮೇಲೆ ಎರಡು ಟೇಬಲ್ ಜೋಡಿಸಿ ನಿದ್ದೆ. ನಮ್ಮ ಕಡೆಯ ಎಷ್ಟೋ ಹುಡುಗರು ಹಾಗೆಯೇ ಮೆಟ್ರಿಕ್ ಮಾಡಿದ್ದು. ಕೊಂಕಣ ರೈಲು ಪೂರ್ತಿ ದಾರಿ ಓಡಿದ್ದು 1998ರಲ್ಲಿ. ಅದಕ್ಕೆ ಮುಂಚೆ ಊರಿಗೆ ಬರುವುದೆಂದರೆ ಬಸ್ಸಿನಲ್ಲಿ ಸೊಂಟ ಮುರಿದುಕೊಳ್ಳುವುದು. ಹಾಗೆ ಬಂದು ಮೇ ತಿಂಗಳಲ್ಲಿ ಎಂಟು ದಿನ ಇರುತ್ತಿದ್ದ.

ಇರುತ್ತಿದ್ದ ಅನ್ನುವುದು ಸುಳ್ಳು. ನಾಲ್ಕು ಗಂಟೆಗೆ ಎದ್ದು ಅಂಗಳ ಗುಡಿಸುವನು. ದೋಸೆಯನ್ನು ನಿಂತೇ ತಿನ್ನುವನು. ನಮ್ಮ ಕಾಫಿ ಮುಗಿಯುವುದೇ ತಡ, ಐದು ಲೋಟಗಳ ಒಳಗೆ ಐದು ಬೆರಳು ಅದ್ದಿ ಒಂದೇ ಕೈಯಲ್ಲಿ ಎತ್ತಿಕೊಂಡು ಬಾವಿಕಟ್ಟೆಗೆ ಓಟ. ನಾವು ಮಕ್ಕಳು ಅದನ್ನು ಸರ್ಕಸ್ಸಿನಂತೆ ನೋಡುತ್ತಿದ್ದೆವು, ಕೆಲವೊಮ್ಮೆ ಬೇಕೆಂದೇ ಬೇಗ ಕುಡಿದು ಮುಗಿಸುತ್ತಿದ್ದೆವು. ಅಜ್ಜಿಗೆ ಮಾತ್ರ ಸಂಕಟ. "ಎಂಜಲು ಮಾರಾಯಾ, ಬಿಡು, ಕೂತ್ಕೋ" ಎಂದರೆ ಜಗಲಿಯ ತುದಿಯಲ್ಲಿ ಕೂರುವನು, ಒಂದು ಕಾಲು ಅಂಗಳಕ್ಕೆ ಇಳಿಬಿಟ್ಟು. ಮೂರನೆಯ ದಿನಕ್ಕೇ ಪೇಟೆಗೆ ಹೋಗಿ ವಾಪಸು ಬಸ್ಸು ಸರಿಯಾದ ಹೊತ್ತಿಗೆ ಇದೆಯೇ ಎಂದು ಕೇಳಿ ಬರುವನು. ಬೊಂಬಾಯಿಯ ಠೀವಿ ಎಂದು ಮನೆಯವರು ಆಡಿಕೊಂಡರು. ನಾನೂ ನಕ್ಕಿದ್ದೇನೆ. ಅವನ ಬೆನ್ನ ಹಿಂದೆ ಕುರ್ಚಿ ಖಾಲಿಯಾಗಲೆಂದು ನಿಂತವರು ನಮ್ಮ ಅಡಿಕೆ ತೋಟದ ನಡುವೆಯೂ ನಿಂತೇ ಇದ್ದರೆಂದು ಆಗ ನಮಗೆಲ್ಲಿ ಗೊತ್ತು?

ಹೊರಡುವ ದಿನ ಆ ಹೋಟೆಲು ಹುಡುಕಿಕೊಂಡು ಹೋದೆ. ಈಗ ಅಲ್ಲಿ ಮೊಬೈಲ್ ಅಂಗಡಿ. ಬಾಗಿಲಲ್ಲಿ ಎರಡು ನಿಮಿಷ ಸುಮ್ಮನೆ ನಿಂತಿದ್ದಕ್ಕೆ ಒಳಗಿನ ಹುಡುಗ ಏನು ಬೇಕೆಂದ. ಏನೂ ಬೇಡ ಎನ್ನಲು ಬಾಯಿ ಬಾರದೆ ಒಂದು ಚಾರ್ಜರ್ ಕೊಂಡುಕೊಂಡೆ. ಅದು ನನ್ನ ಫೋನಿಗೆ ಹೊಂದುವುದಿಲ್ಲ.